ಅಗಸೆ ಎಣ್ಣೆಯ ಅಯೋಡಿನ್ ಮೌಲ್ಯ



ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರಿ ಒಣಗಿಸಿದವರು ಈ ಸಭೆಯಲ್ಲಿ ಅನೇಕರಿರಬಹುದು. ಕೊಬ್ಬರಿ ಎಣ್ಣೆ ಸವರಿದ್ದರೆ ಅದು ಒಣಗುತ್ತಿರಲಿಲ್ಲ. ಎಣ್ಣೆ ಒಣಗುವುದೆಂದರೆ ನೀರಿನಂತೆ ಆರಿಹೋಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪದರವಾಗುವುದು. ಅದಕ್ಕೆ ದ್ವಿಬಂಧಗಳು ಬೇಕು. ಅಗಸೆ ಎಣ್ಣೆಯಲ್ಲಿ ಅವು ಹೇರಳ, ಕೊಬ್ಬರಿ ಎಣ್ಣೆಯಲ್ಲಿ ವಿರಳ. ಇದನ್ನೇ ಪುಸ್ತಕ ‘ಅಪರ್ಯಾಪ್ತತೆ’ ಎನ್ನುತ್ತದೆ. ಆ ಶಬ್ದಕ್ಕೆ ನಮ್ಮ ನಾಲಗೆಯೂ ತೊಡರುವುದುಂಟು!

ಅದನ್ನು ಅಳೆಯುವ ವಿಧಾನವನ್ನು 1884ರಲ್ಲಿ ಹ್ಯೂಬಲ್ ಪ್ರಕಟಿಸಿದರು; 1898ರಲ್ಲಿ ವೈಸ್ ಸುಧಾರಿಸಿದರು. ತೂಗಿದ ಎಣ್ಣೆಗೆ ಅಯೋಡಿನ್ ಮೊನೊಕ್ಲೋರೈಡ್ ದ್ರಾವಣವನ್ನು ಅಳೆದು ಹಾಕಿ ಕತ್ತಲಲ್ಲಿಡಬೇಕು. ದ್ವಿಬಂಧಗಳು ತಮಗೆ ಬೇಕಾದಷ್ಟನ್ನು ಹಿಡಿದುಕೊಳ್ಳುತ್ತವೆ. ಉಳಿದದ್ದನ್ನು ಥಯೋಸಲ್ಫೇಟಿನಿಂದ ಅಳೆದರೆ ಎಣ್ಣೆ ಹಿಡಿದದ್ದೆಷ್ಟೆಂದು ತಿಳಿಯುತ್ತದೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿಯುವುದೋ ಅದೇ ಅಯೋಡಿನ್ ಮೌಲ್ಯ. ಕೊಬ್ಬರಿ ಎಣ್ಣೆಗೆ ಅದು 10ರ ಆಸುಪಾಸು, ಶೇಂಗಾ ಎಣ್ಣೆಗೆ 90, ನಮ್ಮ ಅಕ್ಕಲಕೋಟೆ ಸೀಮೆಯ ಜೋಳದ ಹೊಲಗಳ ಅಕ್ಕಡಿ ಸಾಲಿನ ಕುಸುಬೆಗೆ 140. ಅಗಸೆ 170ನ್ನು ದಾಟುತ್ತದೆ.

ಕೆಲವು ವರ್ಷಗಳ ಹಿಂದೆ ಹತ್ತನೆಯ ಇಯತ್ತೆಯ ಮಕ್ಕಳೊಂದಿಗೆ ಸಮೀಪದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಈ ಪ್ರಯೋಗ ನಡೆಸಿದೆವು. ಆಮ್ಲದ ಕೆಲಸ ನಮ್ಮದು, ಬ್ಯುರೆಟ್ ಓದುವುದು ಮಕ್ಕಳದು. ಊರ ಗಾಣದಿಂದ ತಂದ ಅಗಸೆ ಎಣ್ಣೆಗೆ 158 ಬಂದಿತು. ಯೋಚಿಸದೆ, ‘ಕಲಬೆರಕೆಯಾಗಿದೆ’ ಎಂದುಬಿಟ್ಟೆವು. ಗಾಣದವರ ಮೊಮ್ಮಗಳು ಎರಡನೆಯ ಬೆಂಚಿನಲ್ಲಿದ್ದಳು. ತಲೆ ತಗ್ಗಿಸಿದಳು, ಅಳಲಿಲ್ಲ. ತುಸು ಹೊತ್ತಿನ ಮೇಲೆ ಕೇಳಿದಳು: “ಅಕ್ಕೋರೆ, ಶೇಂಗಾ ಎಣ್ಣಿ ಬಾಟ್ಲಿ ಕಡೀತನಕ ಕಂದು ಇತ್ತು. ಇದರ ಬಣ್ಣ ಪೂರಾ ತೆಳ್ಳಗಾಗಿತ್ರಿ. ಎಣ್ಣಿಗೆ ಉಣ್ಣಾಕ ಸಾಲಲಿಲ್ಲೇನ್ರಿ?”

ಅವಳೆಂದದ್ದು ನಿಜ. ಶೇಂಗಾ ಎಣ್ಣೆಗೆ ತೂಗಿದಂತೆಯೇ ಅಗಸೆಗೂ 0.3 ಗ್ರಾಂ ತೂಗಿದ್ದೆವು. 25 ಮಿಲಿಲೀಟರ್ ದ್ರಾವಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮಾತ್ರ ಕ್ರಿಯೆ ಪೂರ್ಣಗೊಂಡಿತೆಂದು ನಂಬಬಹುದು. ಹೆಚ್ಚು ಹಸಿದವನಿಗೆ ಸಣ್ಣ ತಟ್ಟೆ ಇಟ್ಟು, ಅವನು ಉಂಡದ್ದು ಕಡಿಮೆಯೆಂದು ಬರೆದುಕೊಂಡಿದ್ದೆವು. ಮರುದಿನ 0.12 ಗ್ರಾಂ ತೂಗಿ ಮತ್ತೆ ಮಾಡಿದೆವು: 182.

ತಪ್ಪನ್ನು ತರಗತಿಯಲ್ಲಿ ಒಪ್ಪಿಕೊಂಡೆವು. ಮಾತು ಆಗಲೇ ಊರಿಗೆ ತಲುಪಿತ್ತಾದ್ದರಿಂದ, ಸಂಜೆ ಗಾಣದ ಮನೆಗೂ ಹೋದೆವು. ಹಿರಿಯರು ಸಿಟ್ಟಾಗಲಿಲ್ಲ. ಆ ಅಂಕಿಯ ಅರ್ಥವನ್ನು ಮೊಮ್ಮಗಳಿಂದಲೇ ಹೇಳಿಸಿಕೊಂಡು, ಎಣ್ಣೆಯ ಡಬ್ಬಿಯ ಮೇಲೆ ಸೀಮೆಸುಣ್ಣದಿಂದ ಅವಳ ಕೈಯಲ್ಲೇ 182 ಎಂದು ಬರೆಯಿಸಿದರು.