ಬಂದವರ ಬಸವನಗುಡಿ

ಬೆಂಗಳೂರಿನ ಬಸವನಗುಡಿಯೆಂದರೆ ಹಳಬರ ಬಡಾವಣೆ ಎಂಬುದು ರೂಢಿಯ ಮಾತು. ಆ ಹಳಬರೂ ಒಂದು ಕಾಲಕ್ಕೆ ಹೊಸಬರೇ ಆಗಿದ್ದರೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಮೊದಲು ಇಲ್ಲಿದ್ದುದು ಸುಂಕೇನಹಳ್ಳಿಯೆಂಬ ಗ್ರಾಮ. ಅದರ ಗುಡ್ಡದ ಮೇಲೆ, ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿಯಿರುವ ದೊಡ್ಡ ಬಸವಣ್ಣನ ಗುಡಿ. 1898ರಲ್ಲಿ ಪ್ಲೇಗು ಮಾರಿ ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಹೊಕ್ಕಿತು. ಗಾಳಿ ಬೆಳಕುಗಳನ್ನು ಅರಸಿ ಹೊರಟ ಜನಕ್ಕೆ ಮಲ್ಲೇಶ್ವರದಂತೆ ಬಸವನಗುಡಿಯೂ ಆಸರೆಯಾಯಿತು. ಇಂದು ನಾವು ಮೆಚ್ಚುವ ಅಗಲವಾದ ಬೀದಿಗಳ ಹಿಂದೆ, ಸಾಲುಮರಗಳ ಹಿಂದೆ, ಜೀವಭಯದ ಒಂದು ನೆನಪಿದೆ.

ಆಮೇಲೂ ಜನ ಬರುತ್ತಲೇ ಇದ್ದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿ ನೆಲೆನಿಂತಿದೆ. ಕೋಲಾರದ ಸೀಮೆಯಿಂದ ಬಂದ ಮಾಸ್ತಿಯವರು ಪಕ್ಕದ ಗವಿಪುರದಲ್ಲಿ ಮನೆ ಮಾಡಿದ್ದರು. ಅವರು ಗಾಂಧಿ ಬಜಾರಿನಲ್ಲಿ ನಡೆದು ಹೋಗುತ್ತಿದ್ದುದನ್ನು ಕಂಡವರು ಅನೇಕರು. ಅದೇ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ದೋಸೆಯ ಹಿಂದೆ ಕರಾವಳಿಯವರ ಕೈಗುಣವಿದೆ.

ಈ ಬಡಾವಣೆಯ ಸ್ವಭಾವ ಪೂರ್ಣವಾಗಿ ಪ್ರಕಟವಾಗುವುದು ಕಡಲೆಕಾಯಿ ಪರಿಷೆಯಲ್ಲಿ. ಬೆಳೆಯನ್ನು ಮೇಯುತ್ತಿದ್ದ ಬಸವ ಕಲ್ಲಾದನೆಂದೂ, ರೈತರು ಮೊದಲ ಫಸಲನ್ನು ಅವನಿಗೆ ಒಪ್ಪಿಸುವುದಾಗಿ ಹರಸಿಕೊಂಡರೆಂದೂ ಐತಿಹ್ಯ. ಕಾರ್ತಿಕ ಮಾಸದ ಕೊನೆಯ ಸೋಮವಾರ ಹಳ್ಳಿಗಳ ರೈತರೂ ವ್ಯಾಪಾರಿಗಳೂ ಬಂದು ಬೀದಿಯ ಎರಡೂ ಬದಿಯಲ್ಲಿ ಕಾಯಿಯ ರಾಶಿ ಹಾಕುತ್ತಾರೆ. ಹಸಿಯದು, ಹುರಿದದ್ದು, ಬೇಯಿಸಿದ್ದು. ಗಾಳಿಯಲ್ಲೆಲ್ಲ ಅದರದೇ ಕಂಪು. ಹೊಲ ಕಾಣದ ನಗರದ ಮಗು ಅಂದು ಕಾಯಿ ಸುಲಿಯುತ್ತ ಹೊಲದ ಋಣವನ್ನು ತಿಳಿಯುತ್ತದೆ.

ಇನ್ನೊಂದು ಸ್ವಾರಸ್ಯವುಂಟು. ಕಡಲೆಕಾಯಿಯೂ ಇಲ್ಲಿಯದಲ್ಲ. ದಕ್ಷಿಣ ಅಮೆರಿಕದ ಈ ಬೆಳೆ ಸಮುದ್ರ ದಾಟಿ ಬಂದು, ನಮ್ಮ ಕೆಮ್ಮಣ್ಣಿನಲ್ಲಿ ಬೇರುಬಿಟ್ಟು, ನಮ್ಮ ದೇವರ ನೈವೇದ್ಯವೇ ಆಗಿಬಿಟ್ಟಿತು!

ಈಗ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಬಹುಮಹಡಿಗಳು ಏಳುತ್ತಿವೆ. ಹಜಾರ, ಹಿತ್ತಿಲು, ಮಲ್ಲಿಗೆಯ ಚಪ್ಪರಗಳಿಗಾಗಿ ಮನಸ್ಸು ಮರುಗುವುದು ಸಹಜ, ಉಳಿಸಬಹುದಾದುದನ್ನು ಉಳಿಸಿಕೊಳ್ಳಲೂಬೇಕು. ಆದರೆ ಉಳಿಯಲೇಬೇಕಾದುದು, ಬಂದವರಿಗೆ ಎಡೆಮಾಡಿಕೊಡುವ ಗುಣ. ರೈತನು ಬೀದಿಯಂಚಿನಲ್ಲಿ ಗೋಣಿ ಹಾಸಿ ತನ್ನ ರಾಶಿಯ ಮುಂದೆ ನಿಶ್ಚಿಂತೆಯಿಂದ ಕೂರುವಷ್ಟು ಜಾಗ ಇರುವ ತನಕ ಬಸವನಗುಡಿ ಬಸವನಗುಡಿಯಾಗಿಯೇ ಇರುತ್ತದೆ.