ಆರಾಧನೆಯ ಅಂಗಳ ಎಷ್ಟು ವಿಶಾಲ?



ಇಸ್ಲಾಮಿನಲ್ಲಿ ಇಡೀ ಬದುಕೇ ಆರಾಧನೆ ಎಂಬ ಮಾತು ಈ ಸಭಾಂಗಣದಲ್ಲಿ ಮತ್ತೆ ಮತ್ತೆ ಕೇಳಿಬರಲಿದೆ. ಮಾತು ಸುಳ್ಳಲ್ಲ, ತೀರಾ ಅಗ್ಗವಾಗಿದೆ ಎಂಬುದಷ್ಟೇ ನನ್ನ ತಕರಾರು. ಎಲ್ಲವೂ ಇಬಾದತ್, ಅಂದರೆ ಆರಾಧನೆ, ಎಂದುಬಿಟ್ಟರೆ ಹೇಳಿದವರಿಗೂ ಹಿತ, ಕೇಳಿದವರಿಗೂ ಹಿತ. ಯಾವ ಷರತ್ತಿನ ಮೇಲೆ ಎಂದು ಯಾರೂ ಕೇಳುವುದಿಲ್ಲ. ಫಿಕ್ಹ್ ಎಂಬ ಧರ್ಮಶಾಸ್ತ್ರದ ಪಂಡಿತರು ಮಾತ್ರ ಬಿಡದೆ ಕೇಳಿದರು.

ಫಿಕ್ಹ್‌ನ ಎರಡು ಪಂಥಗಳನ್ನೇ ನೋಡಿ: ನಮ್ಮ ಕರಾವಳಿಯ ಮುಸ್ಲಿಮರು ಬಹುಪಾಲು ಶಾಫಿಈಗಳು, ಘಟ್ಟದ ಮೇಲಿನವರು ಬಹುಪಾಲು ಹನಫೀಗಳು. ಬಿಸಿಲಲ್ಲಿ ಬಂದವನೊಬ್ಬ ತಂಪಾಗಲೆಂದು ಮುಖ, ಕೈ, ಕಾಲು ತೊಳೆದು, ತಲೆಗೂ ಒದ್ದೆ ಕೈ ಸವರಿಕೊಂಡ ಎನ್ನಿ. ನಮಾಝಿಗೆ ಮುಂಚಿನ ಅಂಗಶುದ್ಧಿ, ಅಂದರೆ ವುಝೂ, ಆಯಿತೇ? ನಮಾಝಿನ ಮಟ್ಟಿಗೆ ಆಯಿತು, ಪುಣ್ಯವಿಲ್ಲ ಎನ್ನುತ್ತಾರೆ ಹನಫೀಗಳು. ನಿಯ್ಯತ್, ಅಂದರೆ ಸಂಕಲ್ಪ, ಇಲ್ಲದಿದ್ದರೆ ವುಝೂವೇ ಆಗದು ಎನ್ನುತ್ತಾರೆ ಶಾಫಿಈಗಳು. ಜಗಳ ಸಣ್ಣದೆಂದು ನಗಬೇಡಿ. ಸಂಕಲ್ಪವಿಲ್ಲದೆ ಮಾಡಿದ್ದು ಆರಾಧನೆ ಎನಿಸಿಕೊಳ್ಳದು ಎಂಬಲ್ಲಿ ಇಬ್ಬರಿಗೂ ಒಪ್ಪಿಗೆಯಿದೆ. ಕರ್ಮಗಳ ಬೆಲೆ ನಿಯ್ಯತ್ತಿನ ಮೇಲೆ ಎಂಬ ಹದೀಸನ್ನು ಇಮಾಮ್ ಬುಖಾರಿ ತಮ್ಮ ಸಂಗ್ರಹದ ಮೊದಲಿಗೇ ಇಟ್ಟದ್ದು ಸುಮ್ಮನೆ ಅಲ್ಲ.

ನಿಯ್ಯತ್ತಿನ ಈ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ದುಡಿಮೆ, ಊಟ, ಸಂಸಾರ ಇವನ್ನು ಸಂಕಲ್ಪದಿಂದ ಇಬಾದತ್ ಆಗಿಸಿಕೊಳ್ಳಬಹುದು. ಆದರೆ ಎಂಥ ಒಳ್ಳೆಯ ಸಂಕಲ್ಪವಿದ್ದರೂ ಆರನೆಯ ಹೊತ್ತಿನ ಫರ್ಝ್ (ಕಡ್ಡಾಯ) ನಮಾಝ್ ಸೃಷ್ಟಿಸಲಾಗದು. ಲೋಕವ್ಯವಹಾರದಲ್ಲಿ ನಿಷೇಧವಿಲ್ಲದ್ದೆಲ್ಲ ಸಲ್ಲುತ್ತದೆ. ಆರಾಧನಾ ವಿಧಿಯಲ್ಲಿ ಆಧಾರವಿದ್ದದ್ದು ಮಾತ್ರ.

1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ತಮ್ಮ ‘ಇಹ್ಯಾ ಉಲೂಮುದ್ದೀನ್’ನ 40 ಭಾಗಗಳಲ್ಲಿ ಇಬಾದತ್ತಿಗೆ ಕೊಟ್ಟದ್ದು ಮೊದಲ 10. ಊಟ, ಮದುವೆ, ಗಳಿಕೆ, ಪ್ರಯಾಣಗಳಿಗೆ ಬೇರೆಯೇ 10. ಪ್ರತ್ಯೇಕಿಸಿಟ್ಟರು, ಆದರೆ ಎರಡರಲ್ಲೂ ಮನಸ್ಸಿನ ಲೆಕ್ಕವನ್ನೇ ಕೇಳಿದರು. ನಮ್ಮ ಕಾಲದಲ್ಲಿ ಇಬಾದತ್ತಿಗೂ ಉಳಿದ ಬದುಕಿಗೂ ನಡುವಿನ ಈ ಗೋಡೆಯ ಬಗ್ಗೆ ದೊಡ್ಡ ವಾದವೇ ನಡೆಯಿತು. ಮೌಲಾನಾ ಮೌದೂದಿಯವರು 1941ರಲ್ಲಿ ಕುರ್‌ಆನಿನ ನಾಲ್ಕು ಮೂಲ ಪರಿಭಾಷೆಗಳನ್ನು ಚರ್ಚಿಸುವಾಗ ಇಬಾದತ್ತಿಗೆ ಪೂರ್ಣ ವಿಧೇಯತೆಯ ವಿಸ್ತಾರ ಕೊಟ್ಟರು. ನಮಾಝ್, ಉಪವಾಸಗಳನ್ನು ಆ ದೊಡ್ಡ ವಿಧೇಯತೆಗೆ ತಾಲೀಮು ಎಂಬಂತೆ ವಿವರಿಸಿದರು. ಲಖನೌದ ಮೌಲಾನಾ ಅಬುಲ್ ಹಸನ್ ಅಲೀ ನದ್ವಿಯವರಿಗೆ ಅಲ್ಲೇ ಆತಂಕ: ನಮಾಝ್ ಬೇರೊಂದಕ್ಕೆ ಸಾಧನವಾದರೆ ದೇವರ ಮುಂದೆ ಬಾಗುವ ಪ್ರೀತಿ ಎಲ್ಲಿ ಉಳಿಯಿತು? ನನ್ನ ಒಲವು ನದ್ವಿಯವರ ಕಡೆಗೆ. ಒಪ್ಪದವರು ಇಲ್ಲೇ ಕುಳಿತಿದ್ದಾರೆ ಎಂಬುದೂ ಗೊತ್ತು.

ಹಾಗೆಂದು ಮಸೀದಿಯ ಕಾಂಪೌಂಡಿಗೇ ಆರಾಧನೆ ಮುಗಿಯಿತೆನ್ನಲು ವಿಧಿಗಳೇ ಬಿಡುವುದಿಲ್ಲ. ಉಪವಾಸ ಹಿಡಿಯಲಾಗದ ವೃದ್ಧರು ದಿನಕ್ಕೊಬ್ಬ ಬಡವನಿಗೆ ಉಣಿಸಬೇಕು. ಆಣೆ ಮುರಿದವನು ಹತ್ತು ಬಡವರಿಗೆ ಅನ್ನವನ್ನೋ ಬಟ್ಟೆಯನ್ನೋ ಕೊಡಬಹುದು. ದೇವರಿಗೆ ಸಲ್ಲಬೇಕಾದ ಬಾಕಿ ಹಸಿದವನ ಹೊಟ್ಟೆಯಲ್ಲಿ ಜಮೆಯಾಗುತ್ತದೆ. ವರ್ಷ ತುಂಬಿದ ಉಳಿತಾಯದ ಶೇ. 2.5 ಝಕಾತ್ ಕೂಡ ನಮಾಝಿನಷ್ಟೇ ಕಡ್ಡಾಯದ ಇಬಾದತ್. ಇಮಾಮ್ ಮುಸ್ಲಿಂ ಅವರ ಹದೀಸ್ ಸಂಗ್ರಹದಲ್ಲಿ ಪ್ರವಾದಿಯವರು ಚಿತ್ರಿಸಿದ ದಿವಾಳಿಕೋರನೊಬ್ಬನಿದ್ದಾನೆ: ರಾಶಿ ನಮಾಝ್, ಉಪವಾಸ, ಝಕಾತ್ ಹೊತ್ತು ಬಂದರೂ, ಬೈಸಿಕೊಂಡವರಿಗೆ, ಹೊಡೆತ ತಿಂದವರಿಗೆ, ಆಸ್ತಿ ಕಳೆದುಕೊಂಡವರಿಗೆ ಎಲ್ಲವನ್ನೂ ಹಂಚಿ ಬರಿಗೈಯಾಗುತ್ತಾನೆ.

ಗೋಷ್ಠಿಗಳಿಗೆ ನನ್ನದೊಂದು ಬೇಡಿಕೆ. ಆದರ್ಶಗಳನ್ನು ಸ್ವಲ್ಪ ಬದಿಗಿಟ್ಟು ಇಕ್ಕಟ್ಟಿನ ಪ್ರಕರಣಗಳನ್ನು ಕೈಗೆತ್ತಿಕೊಳ್ಳಿ. ದಿನಗೂಲಿಗೆ ನಿಂತವನು ಫರ್ಝ್ ನಮಾಝನ್ನು ಬಿಡುವಂತಿಲ್ಲ, ಆದರೆ ಮಾಲೀಕನ ಹೊತ್ತಿನಲ್ಲಿ ಐಚ್ಛಿಕವಾದ ನಫಿಲ್ ನಮಾಝಿಗೆ ನಿಲ್ಲುವಂತಿಲ್ಲ ಎಂದು ಹನಫೀ ಪಂಡಿತರು ಬರೆದಿಟ್ಟಿದ್ದಾರೆ. ಈ ತೀರ್ಪು ಇಂದಿನ ಶಾಲಾ ಶಿಕ್ಷಕನಿಗೆ, ರಾತ್ರಿ ಪಾಳಿಯ ನರ್ಸಿಗೆ, ಆರ್ಡರ್ ಹೊತ್ತ ಡೆಲಿವರಿ ಹುಡುಗನಿಗೆ ಹೇಗೆ ಅನ್ವಯಿಸುತ್ತದೆ? ಮೊದಲ ಗೋಷ್ಠಿಯ ಅಧ್ಯಕ್ಷರು ಅಲ್ಲಿಂದಲೇ ಶುರು ಮಾಡಲಿ.