ಬಾವಿಯ ಸಿಹಿನೀರು

ಎಲ್ಲೂರಿನ ನಮ್ಮ ಮನೆಯ ಬಾವಿಯ ನೀರು ಸಿಹಿ. ಆ ನೀರಿಗೆ ಒಗ್ಗಿದ ನಾನೂ ಹೆಂಡತಿಯೂ ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಲಕ್ಷದ್ವೀಪಕ್ಕೆ ಹೋದೆವು. ಹವಳದ ದಂಡೆ, ತೆರೆಯಿಲ್ಲದ ನೀಲಿ ನೀರು, ಎಲ್ಲ ಚಂದವೇ. ಕೋಣೆ ಮಾತ್ರ ಬೇಸರ ತಂದಿತು. ಗೋಡೆಯಲ್ಲಿ ಪಸೆ, ಹಾಸಿಗೆಗೆ ಮುಗ್ಗಲು ವಾಸನೆ, ತಿರುಗದ ಫ್ಯಾನು. ನಳ್ಳಿ ತಿರುಗಿಸಿದರೆ ಉಪ್ಪುಪ್ಪು ನೀರು. ಸಾಬೂನು ನೊರೆಯೇ ಬರಲಿಲ್ಲ.

“ಇಷ್ಟು ದುಡ್ಡು ಕೊಟ್ಟು ಬಂದದ್ದು ಇದಕ್ಕಾ?” ಎಂದಳು ಅವಳು. ನನಗೂ ಸಿಟ್ಟು.

ಮರುದಿನ ಕೋಣೆ ಗುಡಿಸಲು ಬಂದ ಹಿರಿಯರು ತಮ್ಮ ಮನೆಯ ಬಾವಿ ತೋರಿಸಿದರು. ಹವಳದ್ವೀಪದಲ್ಲಿ ಹೊಳೆಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಭಾರವಾದ ಕಡಲ ನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಮೊದಲ ದಿನ ನಾವು ಎಷ್ಟು ಬಕೆಟ್ ಸುರಿದುಕೊಂಡಿದ್ದೆವು!

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ನಮ್ಮ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಹಾಗೆ ನೋಡಿದರೆ ನಾವು ಹೋದದ್ದು ಹಳೆಯ ನೆಂಟರ ಮನೆಗೆ. ಪಸೆಯನ್ನೂ ಫ್ಯಾನನ್ನೂ ಕೋಣೆಯವರು ಸರಿಪಡಿಸಬೇಕಿತ್ತು, ಅದನ್ನು ಈಗಲೂ ಹೇಳುತ್ತೇನೆ. ನೀರಿನ ಬಗ್ಗೆ ಮಾತ್ರ ನನ್ನ ತಕರಾರಿಲ್ಲ.

ಉಳಿದ ದಿನ ಒಂದೇ ಬಕೆಟ್ಟಿನಲ್ಲಿ ಇಬ್ಬರ ಸ್ನಾನವೂ ಮುಗಿಯಿತು. ಊರಿಗೆ ಬಂದ ಸಂಜೆ ಅವಳು ಬಾವಿಯಿಂದ ಒಂದು ಕೊಡಪಾನ ನೀರೆಳೆದು, ಅದರಲ್ಲಿ ಕೈಯಿಟ್ಟು ತುಸು ಹೊತ್ತು ಹಾಗೇ ನಿಂತಿದ್ದಳು.